ಬಳ್ಳಾರಿಯ ಟಿಬೆಟಿಯನ್ ಸ್ವೆಟರ್ ಅಂಗಡಿ: ಅವ್ವನ ಸ್ವೆಟರ್, ನನ್ನ ಜಾಕೆಟ್, ಮತ್ತೆ ಅಲ್ಲಿ ಕೇಳಿದ ಮಾತು

ದೀಪಾವಳಿ ಮುಗೀತಿದ್ದಂಗೆ ನಮ್ಮ ಬಳ್ಳಾರಿಗೆ ಟಿಬೆಟಿನೋರು ಬಂದು ತಗಡಿನ ಶೆಡ್ ಹಾಕ್ಕೊಂಡು ಸ್ವೆಟರ್ ಅಂಗಡಿ ಇಡ್ತಾರಲ್ಲ, ಈ ಸಲ ಅಲ್ಲಿ ಎರಡು ಐಟಂ ತಗೊಂಡಿದ್ದೆ, ಎರಡು ತಿಂಗಳು ಹಾಕ್ಕೊಂಡು ನೋಡಿ ಈಗ ಬರೀತಿದೀನಿ. ನಾನು ಹದಿನೆಂಟು ವರ್ಷದಿಂದ ಇಲ್ಲೇ ಜೀನ್ಸ್ ಹೊಲಿಯೋ ಯೂನಿಟ್ ನಡೆಸ್ತಿರೋನು, ಬಟ್ಟೆ ಕೈಗೆ ಬಂದ್ರೆ ಮೊದ್ಲು ಒಳಗಡೆ ತಿರುಗಿಸಿ ಹೊಲಿಗೆ ನೋಡೋದೇ ಅಭ್ಯಾಸ, ಅದಕ್ಕೆ ಹೊಲಿಗೆ ಬಗ್ಗೆ ನಾನು ಹೇಳೋದನ್ನ ನಂಬಬಹುದು.

ಅವ್ವಗೆ ಮುಂದೆ ಗುಂಡಿ ಇರೋ ಮರೂನ್ ಕಲರ್ ಸ್ವೆಟರ್, 850 ರೂಪಾಯಿ. ನನಗೆ ಒಳಗೆ ಫ್ಲೀಸ್ ಹಾಕಿರೋ ಜಿಪ್ ಜಾಕೆಟ್, 1,400. ಚೌಕಾಸಿ ಇಲ್ಲ, ಫಿಕ್ಸ್ ರೇಟ್ ಅಂತ ರಟ್ಟಿನ ಮ್ಯಾಲೆ ಬರೆದು ತೂಗಾಕಿರ್ತಾರೆ. ಬಳ್ಳಾರಿ ಬಿಸಿಲು ಮಾತ್ರ ಗೊತ್ತಿರೋರಿಗೆ ಹೇಳ್ತೀನಿ, ಡಿಸೆಂಬರ್ ಜನವರಿಯಾಗೆ ಬೆಳಗಿನ ಜಾವ ಐದಕ್ಕೆ ಎದ್ದು ನೀರು ಹಿಡಿಯೋ ವಯಸ್ಸಾದೋರಿಗೆ ಇಲ್ಲೂ ಸ್ವೆಟರ್ ಬೇಕೇ ಬೇಕು. ಇದು ಪ್ಯೂರ್ ಉಣ್ಣೇನಾ ಅಂತ ಕೇಳಿದೆ. ಅಂಗಡಿ ಅಕ್ಕ ಒಂದು ಸೆಕೆಂಡೂ ತಡ ಮಾಡದೆ, "ಇಲ್ಲಣ್ಣ, ಇದ್ರಾಗ ಅಕ್ರಿಲಿಕ್ಕೇ ಜಾಸ್ತಿ, ಉಣ್ಣೆ ಸ್ವಲ್ಪ. ಪೂರ್ತಿ ಉಣ್ಣೇದು ಆ ಕಡೆ ಐತಿ, 2,200, ಆದ್ರ ವಯಸ್ಸಾದವ್ರಿಗೆ ಮೈಗೆ ಚುಚ್ಚತೈತಿ, ಇದ ಸಾಕು" ಅಂದ್ಲು. ಮನೆಗೆ ಬಂದು ಒಂದು ಎಳೆ ಕಿತ್ತು ಸುಟ್ಟು ನೋಡಿದೆ, ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿ ಆಗ್ತದೆ, ಅಕ್ರಿಲಿಕ್ ಅನ್ನೋ ಕೃತಕ ನೂಲಾದ್ರೆ ಕರಗಿ ಗಟ್ಟಿ ಮಣಿ ಆಗ್ತದೆ. ಮಣಿನೇ ಆಯ್ತು, ಅವಳು ಹೇಳಿದ್ದು ಹೇಳಿದಂಗೇ. ಹೆಚ್ಚಿನ ದುಡ್ಡಿನ ಮಾಲು ಕೈಯಾಗೇ ಇಟ್ಕೊಂಡು ಕಮ್ಮಿದು ತಗೋ ಅಂತ ಹೇಳೋ ವ್ಯಾಪಾರಸ್ಥರನ್ನ ನಾನು ನೋಡಿದ್ದು ಕಮ್ಮಿ.

ಮಾಲು ಟಿಬೆಟ್‌ದಲ್ಲ, ಲೂಧಿಯಾನದ್ದು. ಸೀಸನ್ನಿಗೆ ಮುಂಚೆ ಅಲ್ಲಿ ಹೋಲ್‌ಸೇಲ್‌ನೋರ ಹತ್ರ ಉದ್ರಿ ತಂದು, ಸೀಸನ್ ಮುಗಿದ ಮ್ಯಾಲೆ ದುಡ್ಡು ಕಟ್ಟೋದು, ಬರೀ ನಂಬಿಕೆ ಮ್ಯಾಲೆ ನಡೆಯೋ ವ್ಯವಹಾರ ಅಂತೆ.

ಒಂದು ದೂರು ಐತೆ, ಅದನ್ನೂ ಹೇಳ್ಬೇಕು. ಅವ್ವನ ಸ್ವೆಟರ್ ಎರಡನೇ ಸಲ ಒಗೆದಾಗ ಎಡಗೈ ತೋಳು ಹೆಗಲಿಗೆ ಸೇರೋ ಜಾಗದಾಗೆ ಕೂಡಿಸಿದ ದಾರ ಬಿಟ್ಕೊಂಡ್ತು. ನಾನೇ ಹೊಲಿಗೆ ಹಾಕಬಹುದಿತ್ತು, ಆದ್ರೂ ಅಂಗಡಿಗೆ ತಗೊಂಡು ಹೋದೆ. ಬಿಲ್ ಇರಲಿಲ್ಲ, ಅವರು ಬಿಲ್ ಕೊಡೋದೂ ಇಲ್ಲ, ಇದು ಇನ್ನೊಂದು ಕೊರತೆ. ಅಕ್ಕ ಸ್ವೆಟರ್ ನೋಡಿದ್ಲು, "ನಮ್ ಮಾಲ ಐತಿ, ತಪ್ಪಾತಣ್ಣ" ಅಂದು ಅದೇ ಸೈಜಿಂದು ಇನ್ನೊಂದು ತೆಗೆದು ಕೊಟ್ಲು, ಕೊಡೋಕೆ ಮುಂಚೆ ಎರಡೂ ತೋಳು ಜಗ್ಗಿ ನನ್ನ ಕಣ್ಣ ಮುಂದೇನೇ ಚೆಕ್ ಮಾಡಿದ್ಲು.

ಆವತ್ತೇ ನಾನು ಅಲ್ಲಿ ಇರ್ಬೇಕಾದ್ರೆ ಒಬ್ಬ ಗಿರಾಕಿ ಬಂದ. ರೇಟ್ ಇಳಿಸಲಿಲ್ಲ ಅಂತ ಶುರು ಮಾಡಿದ ಮಾತು, ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತದೆ ಚೀನಾದೋರು, ಚೀನಾ ಮಾಲು ಮಾರೋಕೆ ಬಂದೀರಿ, ನಿಮ್ಮೂರಿಗೆ ಹೋಗ್ರಿ ಅನ್ನೋ ತನಕ ಹೋಯ್ತು. ಊರೇ ಕಳ್ಕೊಂಡು ಬಂದೋರಿಗೆ ಊರಿಗೆ ಹೋಗು ಅನ್ನೋದು ಎಂಥ ಮಾತು! ನನಗೆ ಮೈ ಉರೀತು, ನಾನು ಬೈಯೋಕೆ ಬಾಯಿ ತೆರೆದೆ, ಅಷ್ಟೊತ್ತಿಗೆ ಪಕ್ಕದ ಅಂಗಡಿ ಕಾಶ್ಮೀರಿ ಶಾಲು ಮಾರೋ ಹುಡುಗನೂ ಎದ್ದು ಬಂದ. ಅಕ್ಕ ಇಬ್ಬರಿಗೂ ಕೈ ತೋರಿಸಿ ಸುಮ್ಕಿರ್ರಿ ಅಂದ್ಲು. ಆಮೇಲೆ ಆ ಮನುಷ್ಯಂಗೆ, "ಅಣ್ಣ, ನಾನು ಹುಟ್ಟಿದ್ದ ಮುಂಡಗೋಡ, ನೀವು ಕುಂತ್ಕೋರಿ, ಚಾ ತರಸ್ತೀನಿ" ಅಂದ್ಲು. ಮುಂಡಗೋಡು ನಮ್ಮ ಕರ್ನಾಟಕದ್ದೇ, ಉತ್ತರ ಕನ್ನಡ ಜಿಲ್ಲೆ, ಅಲ್ಲಿ ಟಿಬೆಟಿನೋರ ಕ್ಯಾಂಪ್ ಐತೆ. ಅವನು ಚಾ ಕುಡೀಲಿಲ್ಲ, ಗೊಣಗಿಕೊಂಡು ಹೋದ. ಆದ್ರೆ ಜಗಳ ಅಲ್ಲಿಗೆ ನಿಂತ್ತು. ಆ ಶಾಲಿನ ಹುಡುಗ ನಮಾಜಿಗೆ ಹೋದಾಗ ಇವಳು ಅವನ ಅಂಗಡಿ ನೋಡ್ಕೊಳ್ತಾಳೆ, ಇವಳು ಸಂಜೆ ದೀಪ ಹಚ್ಚಿ ಮಣಿ ಎಣಿಸ್ತಾ ಕುಂತ್ರೆ ಅವನು ಇವಳ ಗಿರಾಕಿನ ಸಂಭಾಳಿಸ್ತಾನೆ, ಇದು ಅವರಿಗೆ ದಿನದ ಮಾತು.

ಅಕ್ಕ ನಿಮಗೆ ಸಿಟ್ಟು ಬರಲ್ವಾ ಅಂತ ಕೇಳೇ ಬಿಟ್ಟೆ. ಬರ್ತೈತಿ ಅಂದ್ಲು. ಆಮೇಲೆ ಸ್ವೆಟರ್ ಮಡಚ್ತಾ ಮಡಚ್ತಾ ಹೇಳಿದ್ದನ್ನ ನನಗೆ ನೆನಪಿರೋಷ್ಟು ಬರೀತೀನಿ. ಅವರಪ್ಪ 1959ರಾಗೆ ಅವರ ಧರ್ಮಗುರು ದಲೈ ಲಾಮಾ ಚೀನಾದೋರ ಹಿಡಿತದಾಗಿದ್ದ ಟಿಬೆಟ್ ಬಿಟ್ಟು ಭಾರತಕ್ಕೆ ಬಂದ ಮ್ಯಾಲೆ ಹಿಮದ ಗುಡ್ಡ ದಾಟಿ ಬಂದೋರು, ಮೊದ್ಲು ಹಿಮಾಚಲದ ಕಡೆ ರೋಡ್ ಕೆಲಸದಾಗೆ ಕಲ್ಲು ಒಡೆದ್ರಂತೆ, ಆಮೇಲೆ ಮುಂಡಗೋಡಿಗೆ ಬಂದು ಕಾಡು ಕಡಿದು ಹೊಲ ಮಾಡಿದ್ರಂತೆ. ಆ ಕ್ಯಾಂಪ್ ಶುರು ಆಗಿದ್ದು 1966ರಾಗೆ, ಆಗ ಮುಖ್ಯಮಂತ್ರಿ ನಿಜಲಿಂಗಪ್ಪನೋರು, ನಮ್ಮ ಹಳೇ ಬಳ್ಳಾರಿ ಜಿಲ್ಲೇನಾಗೇ ಹುಟ್ಟಿದೋರು. ಅಕ್ಕಗೆ ಅವರ ಹೆಸರು ಚೆನ್ನಾಗಿ ಗೊತ್ತು, ನಮ್ಮ ಯೂನಿಟ್ಟಿನ ಹುಡುಗರಿಗೆ ಗೊತ್ತಿಲ್ಲ.

ಅವಳು ಒಬ್ಬ ಮುದುಕ ಲಾಮಾನ ಕಥೆ ಹೇಳಿದ್ಲು. ಲೋಪೋನ್-ಲಾ ಅಂತ, 18 ವರ್ಷ ಚೀನಾದೋರ ಜೈಲಿನಾಗೆ ಇದ್ದೋರು. ಬಿಡುಗಡೆ ಆಗಿ ಭಾರತಕ್ಕೆ ಬಂದ ಮ್ಯಾಲೆ ದಲೈ ಲಾಮಾ ಅವರನ್ನ, ಜೈಲಿನಾಗೆ ನಿಮಗೆ ಯಾವುದು ದೊಡ್ಡ ಅಪಾಯ ಅನಿಸ್ತು ಅಂತ ಕೇಳಿದ್ರಂತೆ. ಹೊಡೆತ, ಹಸಿವು, ಸಾವು ಅಂತಾರೆ ಅಂದ್ಕೊಂಡ್ರೆ, ಚೀನಾದೋರ ಮ್ಯಾಲಿನ ಕರುಣೆ ನನ್ನೊಳಗಿಂದ ಹೋಗಿಬಿಡ್ತದೇನೋ ಅನ್ನೋದೇ ದೊಡ್ಡ ಭಯ ಆಗಿತ್ತು ಅಂದ್ರಂತೆ. ಈ ಕಥೆನ ದಲೈ ಲಾಮಾ ಎಷ್ಟೋ ಭಾಷಣದಾಗೆ ತಾವೇ ಹೇಳ್ಯಾರೆ. ನನಗೆ ಮಾತ್ರ ಇದನ್ನ ಒಬ್ಬ ಸ್ವೆಟರ್ ಮಾರೋ ಹೆಣ್ಮಗಳು, ಐದು ನಿಮಿಷದ ಹಿಂದೆ ಬೈಸಿಕೊಂಡೋಳು, ಹೇಳಿದ್ದಕ್ಕೆ ನಾಟ್ತು.

ನಾನು ಸುಮ್ನೆ ಒಪ್ಕೊಳ್ಳಲಿಲ್ಲ. ಅಕ್ಕ, ಅರವತ್ತು ವರ್ಷ ಮ್ಯಾಲೆ ಆಯ್ತು, ನಿಮ್ಮ ಗುರುಗಳಿಗೆ 1989ರಾಗೆ ನೊಬೆಲ್ ಶಾಂತಿ ಪ್ರಶಸ್ತಿನೂ ಬಂತು, ಆದ್ರೆ ನಿಮ್ಮ ಊರು ನಿಮಗೆ ಸಿಗಲಿಲ್ಲವಲ್ಲ, ಕರುಣೆಯಿಂದ ಏನಾಯ್ತು ಅಂದೆ. ಕೇಳಿದ ಮ್ಯಾಲೆ ಕೇಳಬಾರದಿತ್ತು ಅನಿಸ್ತು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನೇಪಾಳದ ಮುಸ್ತಾಂಗ್ ಕಡೆ ಅವರ ಜನ ಬಂದೂಕು ಹಿಡಿದು ಕಾದಾಡ್ತಿದ್ರು, 1974ರಾಗೆ ದಲೈ ಲಾಮಾ ಟೇಪಿನಾಗೆ ತಮ್ಮ ಮಾತು ರೆಕಾರ್ಡ್ ಮಾಡಿ ಕಳಿಸಿ ಬಂದೂಕು ಕೆಳಗಿಡ್ರಿ ಅಂದ್ರು, ಅತ್ಕೋತ ಇಟ್ರು, ತಡ್ಕೊಳ್ಳೋಕೆ ಆಗದೆ ಜೀವ ಕಳ್ಕೊಂಡೋರೂ ಅದಾರೆ ಅಂದ್ಲು. ಅಂದ್ರೆ ಇದು ಬಾಯಿ ಮಾತಿನ ಕರುಣೆ ಅಲ್ಲ, ಅದಕ್ಕೆ ಬೆಲೆ ಕಟ್ಯಾರೆ. ಆಮೇಲೆ, "ನನ್ ಮಗಗ ಚೀನಾದವ್ರ ಮ್ಯಾಲ ಸಿಟ್ಟು ನಾ ಕಲಿಸಿಲ್ಲಣ್ಣ. ನನ್ ಕೈಲಿ ಆಗೋದು ಅಷ್ಟ" ಅಂದ್ಲು. ಬೌದ್ಧ ಆಗ್ರಿ ಅಂತ ನಮ್ ಗುರುಗಳು ಯಾರಿಗೂ ಹೇಳಂಗಿಲ್ಲ, ನಿಮ್ ನಿಮ್ ಧರ್ಮದಾಗ ಇರ್ರಿ, ಅದ್ರಾಗೂ ದಯಾ ಐತಿ ಅಂತಾರ, ಅಂತಾನೂ ಹೇಳಿದ್ಲು.

ನನ್ನ ಕೈಲಿ ಆಗೋದು ಅಷ್ಟೇ ಅನ್ನೋ ಮಾತು ತಲೆಯಾಗೆ ಉಳ್ಕೊಂಡ್ತು, ಯಾಕಂದ್ರೆ ಅಂಥದ್ದೇ ಮಾತನ್ನ ಅಶೋಕ ರಾಜ ನಮ್ಮ ಕಡೆ ಬಂಡೆ ಮ್ಯಾಲೆ ಎರಡು ಸಾವಿರ ವರ್ಷಕ್ಕಿಂತ ಮುಂಚೆನೇ ಬರೆಸಿಟ್ಟಾನೆ. ಸ್ಕೂಲಿನಾಗೆ ಇದ್ದಾಗ ನಮ್ಮ ಮೇಷ್ಟ್ರು ಸಿರುಗುಪ್ಪ ಕಡೆ ನಿಟ್ಟೂರಿಗೆ ಕರ್ಕೊಂಡು ಹೋಗಿ ಅಶೋಕನ ಹೆಸರಿರೋ ಶಾಸನ ತೋರಿಸಿದ್ರು. ರಾಯಚೂರು ಜಿಲ್ಲೆ ಮಸ್ಕಿದು 1915ರಾಗೆ ಚಿನ್ನದ ಅದಿರು ಹುಡುಕೋಕೆ ಬಂದ ಇಂಜಿನಿಯರಿಗೆ ಸಿಕ್ಕಿದ್ದು, ಕೊಪ್ಪಳದಾಗೆ ಗವಿಮಠದ ಗುಡ್ಡದ ಮ್ಯಾಲೆ ಒಂದು, ಪಾಲ್ಕಿಗುಂಡಿನ ಮ್ಯಾಲೆ ಒಂದು. ಮಸ್ಕಿ ಶಾಸನದಾಗೆ ಧರ್ಮದ ದಾರಿಯಾಗೆ ನಡೆಯೋದು ದೊಡ್ಡೋರಿಗೆ ಮಾತ್ರ ಆಗೋ ಕೆಲಸ ಅಂತ ತಿಳ್ಕೋಬೇಡ್ರಿ, ಸಣ್ಣೋರೂ ಮನಸ್ಸಿಟ್ಟು ನಡೆದ್ರೆ ಆಗ್ತದೆ, ಸಣ್ಣೋರಿಗೂ ದೊಡ್ಡೋರಿಗೂ ಇದನ್ನ ಹೇಳ್ರಿ ಅಂತ ಐತೆ. ವಿಶ್ವಶಾಂತಿ ಅಂದ್ರೆ ಸಾಮಾನ್ಯವಾಗಿ ನಾವು ಟಿವಿ ನೋಡಿ ದೊಡ್ಡ ದೇಶದ ಲೀಡರ್‌ಗಳ ಕೆಲಸ ಅಂತ ಬಿಟ್ಟುಬಿಡ್ತೀವಿ. ಕಳಿಂಗ ಯುದ್ಧದಾಗೆ ಒಂದು ಲಕ್ಷ ಜನ ಸತ್ತು ಒಂದೂವರೆ ಲಕ್ಷ ಜನ ಸೆರೆ ಹೋದ್ರು ಅಂತ ತಾನೇ ಕಲ್ಲಿನ ಮ್ಯಾಲೆ ಒಪ್ಕೊಂಡ ರಾಜ, ಆ ಕೆಲಸ ನಮ್ಮಂಥ ಸಣ್ಣೋರಿಗೂ ಹಂಚ್ಯಾನೆ. ಕಲಬುರಗಿ ಕಡೆ ಸನ್ನತಿಯಾಗೆ ಸಿಕ್ಕ ಶಾಸನದಾಗೆ ಇನ್ನೂ ಬಿಡಿಸಿ ಹೇಳ್ಯಾನೆ, ಸ್ವಂತ ಧರ್ಮದ ಅಭಿಮಾನಕ್ಕೆ ಇನ್ನೊಬ್ಬರದನ್ನ ಹಳಿಯೋನು ತನ್ನ ಧರ್ಮಕ್ಕೇ ಜಾಸ್ತಿ ಕೆಡುಕು ಮಾಡ್ತಾನೆ, ಮೊದ್ಲು ನಾಲಿಗೆ ಹಿಡಿತದಾಗೆ ಇಟ್ಕೊಳ್ರಿ ಅಂತ. ಅಕ್ಕ ಆ ಗಿರಾಕಿ ಮುಂದೆ ಮಾಡಿದ್ದು ಅದನ್ನೇ.

ನಮ್ಮ ಯೂನಿಟ್ಟಿನಾಗೆ ಇಂಥದ್ದೇ ಒಂದು ನಡೆದಿತ್ತು. ಕಟಿಂಗ್ ಮಾಸ್ಟರ್ ಚಾಚಾ, ಬಟ್ಟೆ ಅಂಚು ಬಿಚ್ಚದಂಗೆ ಓವರ್‌ಲಾಕ್ ಹೊಲಿಗೆ ಹಾಕೋ ಹುಡುಗ, ಹನ್ನೊಂದು ವರ್ಷ ಒಂದೇ ಡಬ್ಬಿಯಾಗೆ ಊಟ ಮಾಡಿದೋರು, ವಾಟ್ಸಾಪಿನಾಗೆ ಬಂದ ಯಾವುದೋ ಒಂದು ಹೊಲಸು ವಿಡಿಯೋ ಫಾರ್ವರ್ಡ್ ಆಗಿ ಮಾತು ಬಿಟ್ಟಿದ್ರು. ನಾನು ಮಾಲೀಕ ಅಂತ ಇಬ್ಬರನ್ನೂ ಬೈದು ಸುಮ್ನಾಗಿದ್ದೆ, ಅದು ನನ್ನ ತಪ್ಪು. ಅಂಗಡಿಯಿಂದ ಬಂದ ಮರುದಿನ ಇಬ್ಬರನ್ನೂ ಕೂಡಿಸಿ ಚಾ ತರಿಸಿ ಆ ಲಾಮಾನ ಕಥೆ ಹೇಳಿದೆ, ಅಷ್ಟೇ, ಉಪದೇಶ ಮಾಡಲಿಲ್ಲ. ಚಾಚಾ ಸ್ವಲ್ಪ ಹೊತ್ತು ಆದ ಮ್ಯಾಲೆ, ನಮ್ಮ ಕುರಾನಿನಾಗೆ 114 ಅಧ್ಯಾಯ, ಅದ್ರಾಗೆ ಒಂದು ಬಿಟ್ಟು ಎಲ್ಲಾನೂ ಶುರು ಆಗೋದು ರಹಮಾನ್ ರಹೀಮ್ ಅಂತ, ಅಂದ್ರೆ ಕರುಣೆ ಇರೋನ ಹೆಸರಿನಿಂದ ಅಂದ್ರು. ನಮ್ಮವ್ವ ಊಟದ ಡಬ್ಬಿ ಕೊಡೋಕೆ ಬಂದೋಳು ಬಾಗಿಲಾಗೇ ನಿಂತ್ಕೊಂಡು, ದಯವಿಲ್ಲದ ಧರ್ಮ ಅದ್ಯಾವ ಧರ್ಮನಪ್ಪಾ, ಬಸವಣ್ಣನೋರೂ ಅದನ್ನೇ ಕೇಳಿದ್ದು ಅಂದ್ಲು. ಹುಡುಗ ತಲೆ ಬಗ್ಗಿಸಿ ಕುಂತಿದ್ದ, ಏನೂ ಮಾತಾಡಲಿಲ್ಲ. ಎಲ್ಲಾ ಸರಿ ಹೋಯ್ತು ಅಂತ ಹೇಳಿದ್ರೆ ಸುಳ್ಳಾಗ್ತದೆ, ಇನ್ನೂ ಡಬ್ಬಿ ಬೇರೆ ಬೇರೆನೇ ಐತೆ. ಆದ್ರೆ ಹೋದ ವಾರ ಚಾಚಾಗೆ ಜ್ವರ ಬಂದಾಗ ಆ ಹುಡುಗನೇ ಗಾಡಿ ಮ್ಯಾಲೆ ಆಸ್ಪತ್ರೆಗೆ ಕರ್ಕೊಂಡು ಹೋದ, ಯಾರೂ ಹೇಳಿರಲಿಲ್ಲ.

ಮತ್ತೆ ಮಾಲಿಗೆ ಬರ್ತೀನಿ. ಜಾಕೆಟ್ಟಿನ ಜಿಪ್ ಸ್ಮೂತ್ ಐತೆ, ಜೇಬಿನ ಮೂಲೆಗೆ ಹರೀದಂಗೆ ಬಾರ್‌ಟ್ಯಾಕ್ ಅನ್ನೋ ಒತ್ತು ಹೊಲಿಗೆ ಹಾಕ್ಯಾರೆ, ಒಳಗಿನ ಓವರ್‌ಲಾಕ್ ನೀಟಾಗೈತೆ, ಫ್ಲೀಸ್ ಇನ್ನೂ ಗಂಟು ಕಟ್ಟಿಲ್ಲ. ಬದಲಿ ಕೊಟ್ಟ ಸ್ವೆಟರ್ ನಾಲ್ಕು ಸಲ ಒಗೆದ್ರೂ ಗಟ್ಟಿ ಐತೆ, ಕಲರ್ ಬಿಟ್ಟಿಲ್ಲ, ತಣ್ಣೀರಿನಾಗೇ ಒಗೀರಿ, ಹಿಂಡಬೇಡ್ರಿ, ತಂತಿ ಮ್ಯಾಲೆ ತೂಗಾಕಿದ್ರೆ ಉದ್ದ ಆಗ್ತದೆ, ಚಾಪೆ ಮ್ಯಾಲೆ ಹಾಸಿ ಒಣಗಿಸ್ರಿ. ದಪ್ಪ ಮೈಯೋರಿಗೆ ಸೈಜ್ ಕಮ್ಮಿ, ಕನ್ನಡಿ ಒಂದೇ ಅದೂ ಸಣ್ಣದು, ಸಂಜೆ ಆರರ ಮ್ಯಾಲೆ ಕಾಲಿಡೋಕೆ ಜಾಗ ಇರಲ್ಲ, ಮಧ್ಯಾಹ್ನ ಹೋಗ್ರಿ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಬಿಲ್ ಕೊಡಲ್ಲ ಅನ್ನೋದಕ್ಕೆ ಅರ್ಧ ಕಟ್. ಜನವರಿ ಕೊನೆಗೆ ಶೆಡ್ ಬಿಚ್ತಾರೆ, ಲೋಸರ್ ಅಂತ ಅವರ ಹೊಸ ವರ್ಷದ ಹಬ್ಬಕ್ಕೆ ಊರು ಸೇರ್ಕೋಬೇಕು. ಊರು ಅಂದ್ರೆ ಮುಂಡಗೋಡು. ಅವ್ವ ಈ ಸಲ ಅಕ್ಕಗೆ ಕಳಿಸೋಕೆ ಶೇಂಗಾ ಹೋಳಿಗೆ ಮಾಡಾಕತ್ಯಾಳೆ, ನಾಳೆ ಕೊಟ್ಟು ಬರ್ಬೇಕು.