ಮಾತ್ರೆ, ಬಿಸಿಲು, ವಾಕಿಂಗ್, ಭಾರ: ನನ್ನ ಮೂಳೆಗೆ ಯಾವುದು ಹಿಡಿಸಿತು

ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದು 2021ರಲ್ಲಿ. ಅದೇ ವರ್ಷ ನಾನೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಆಗ ನನಗೆ 53, ಮುಟ್ಟು ನಿಂತು ನಾಲ್ಕು ವರ್ಷ ಆಗಿತ್ತು. ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.1, ಸೊಂಟದ್ದು ಮೈನಸ್ 1.6. ಮೈನಸ್ 1ರವರೆಗೆ ಭಯವಿಲ್ಲ, ಮೈನಸ್ 2.5 ಮುಟ್ಟಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ನಾನು ಎರಡರ ನಡುವೆ, ಆದರೆ ಆ ಕಡೆಗೇ ಹತ್ತಿರ. ಡಾಕ್ಟರು ಮೂಳೆಯ ಔಷಧಿ ಈಗಲೇ ಬೇಡ, ಎರಡು ವರ್ಷ ಬಿಟ್ಟು ನೋಡೋಣ ಅಂದರು. ಅಲ್ಲಿಂದ ಏನೇನು ಮಾಡಿದೆ, ಯಾವುದನ್ನು ಬಿಟ್ಟೆ, ಯಾವುದು ಉಳಿಯಿತು ಅಂತ ಹೇಳುತ್ತೇನೆ.

ಮೊದಲು ಕ್ಯಾಲ್ಸಿಯಂ ಮಾತ್ರೆ. ಅದರಲ್ಲಿ ಕಾರ್ಬೊನೇಟ್, ಸಿಟ್ರೇಟ್ ಅಂತ ಎರಡು ಬಗೆ ನೋಡಿದೆ. ಕಾರ್ಬೊನೇಟ್ ಅಗ್ಗ. 1250 ಮಿಲಿಗ್ರಾಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಅದು ಅರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ನುಂಗಬೇಕು. ನನಗೆ ಮಲಬದ್ಧತೆ ಶುರುವಾಗಿ ಎರಡೇ ತಿಂಗಳಿಗೆ ಸಾಕಾಯಿತು. ಸಿಟ್ರೇಟ್‌ನಲ್ಲಿ ಕ್ಯಾಲ್ಸಿಯಂ ಪಾಲು ಶೇ. 21 ಮಾತ್ರ, ದುಡ್ಡೂ ಜಾಸ್ತಿ. ಆದರೆ ಯಾವಾಗ ಬೇಕಾದರೂ ತಗೊಳ್ಳಬಹುದು, ಹೊಟ್ಟೆಗೆ ಹಗುರ. ಆಸಿಡಿಟಿ ಮಾತ್ರೆ ನುಂಗುವವರಿಗೂ ಇದೇ ವಾಸಿ. ನಾನು ಸಿಟ್ರೇಟ್‌ಗೆ ಬದಲಾಯಿಸಿಕೊಂಡೆ.

ಒಂದು ತಪ್ಪು ಮಾಡಿದ್ದೆ, ಅದನ್ನು ಹೇಳಲೇಬೇಕು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಹಿಂದೆಯೇ ಕ್ಯಾಲ್ಸಿಯಂ ನುಂಗುತ್ತಿದ್ದೆ. ಥೈರಾಯ್ಡ್ ಔಷಧಿ ಮೈಗೆ ಹತ್ತದಂತೆ ಕ್ಯಾಲ್ಸಿಯಂ ತಡೆಯುತ್ತದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಸಾಲದಾದಾಗ ಏರುವ ಹಾರ್ಮೋನು) ಏರಿದಾಗಲೇ ನನಗೆ ಗೊತ್ತಾಗಿದ್ದು. ಎರಡಕ್ಕೂ ನಡುವೆ ನಾಲ್ಕು ಗಂಟೆ ಬಿಡಬೇಕು. ದಯವಿಟ್ಟು ನೆನಪಿಟ್ಟುಕೊಳ್ಳಿ, ನಮ್ಮ ವಯಸ್ಸಿನ ಎಷ್ಟೋ ಹೆಂಗಸರು ಈ ಎರಡೂ ಮಾತ್ರೆ ತಗೊಳ್ಳುತ್ತಾರೆ.

ಆಮೇಲೆ ತಟ್ಟೆಯ ಲೆಕ್ಕ ಹಾಕಿದೆ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300. ಮಧ್ಯಾಹ್ನ ಮುದ್ದೆ, ಒಂದು ಲೋಟ ಹಾಲು, ಎರಡು ಹೊತ್ತು ಮೊಸರು, ಸೊಪ್ಪಿನ ಸಾರು, ಎಳ್ಳಿನ ಚಟ್ನಿಪುಡಿ ಅಂದರೆ 900 ದಾಟುತ್ತದೆ. ಹಾಗಿದ್ದ ಮೇಲೆ ದಿನಕ್ಕೆ 1000ದ ಮಾತ್ರೆ ಯಾಕೆ? 500ಕ್ಕೆ ಇಳಿಸಿದೆ. ಅಮೆರಿಕದಲ್ಲಿ 36,000 ಹೆಂಗಸರ ಮೇಲೆ ನಡೆದು 2006ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಯಲ್ಲಿ, ಕ್ಯಾಲ್ಸಿಯಂ ಮತ್ತು ಡಿ ಮಾತ್ರೆ ತಗೊಂಡವರಲ್ಲಿ ಸೊಂಟದ ಮುರಿತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಕಿಡ್ನಿ ಕಲ್ಲು ಮಾತ್ರ ಶೇ. 17 ಜಾಸ್ತಿಯಾಯಿತು.

ವಿಟಮಿನ್ ಡಿ ಕಥೆ ಬೇರೆ. ರಕ್ತಪರೀಕ್ಷೆಯಲ್ಲಿ ನನಗಿದ್ದದ್ದು 14, ಅಂದರೆ ಕಡಿಮೆ. ಬೆಳಗಿನ ಎಳೆಬಿಸಿಲು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಮೂರು ತಿಂಗಳು ಏಳು ಗಂಟೆಗೆ ತಾರಸಿ ಮೇಲೆ ನಿಂತೆ. 14 ಇದ್ದದ್ದು 16 ಆಯಿತು, ಅಷ್ಟೇ. ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಸೂರ್ಯ ಮೇಲೇರಿದಾಗ ಮಾತ್ರ ಚೆನ್ನಾಗಿ ಕೆಳಗೆ ಬರುತ್ತದೆ, ಬೆಳಗ್ಗೆ ಏಳಕ್ಕಲ್ಲ. ಕಿಟಕಿ ಗಾಜಿನ ಹಿಂದೆ ಕೂತರಂತೂ ಸುಮ್ನೆ. ಡಾಕ್ಟರು ವಾರಕ್ಕೊಂದು 60,000 ಯೂನಿಟ್ ಸ್ಯಾಶೆ, ಎಂಟು ವಾರ ಕೊಟ್ಟರು. 38ಕ್ಕೆ ಬಂತು. ಈಗ ತಿಂಗಳಿಗೊಂದು. ಇದರಲ್ಲಿ ಸ್ಯಾಶೆಯೇ ಗೆದ್ದಿತು. ಆದರೆ ಆ ವಾರದ ಸ್ಯಾಶೆಯನ್ನು ವರ್ಷಗಟ್ಟಲೆ ಮುಂದುವರಿಸುವವರನ್ನು ಕಂಡರೆ ಹೆದರಿಕೆಯಾಗುತ್ತದೆ. ಡಿ ಮೈಯಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ, ನೀರಿನ ಹಾಗೆ ಹೊರಗೆ ಹೋಗುವುದಿಲ್ಲ.

ವಿಟಮಿನ್ ಕೆ2 ಮಾತ್ರೆ ಆರು ತಿಂಗಳು ನುಂಗಿ ಬಿಟ್ಟೆ. ದುಬಾರಿ, ಏನೂ ಗೊತ್ತಾಗಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಮೂಳೆಗೆ ಒಳ್ಳೆಯದು ಅಂತ ಅಜ್ಜಿ ಹೇಳುತ್ತಿದ್ದ ಮಂಗರವಳ್ಳಿ ಚಟ್ನಿ ಈಗಲೂ ಮಾಡುತ್ತೇನೆ. ಹುಣಸೆಹುಳಿ ಚೆನ್ನಾಗಿ ಹಾಕಿ ಹುರಿಯದಿದ್ದರೆ ಗಂಟಲು ತುರಿಸುತ್ತದೆ. ರುಚಿಗಾಗಿ ತಿನ್ನುತ್ತೇನೆ, ಸ್ಕೋರ್‌ಗಾಗಿ ಅಲ್ಲ.

ಈಗ ನಿಜವಾದ ಹೋಲಿಕೆಗೆ ಬರುತ್ತೇನೆ. ಮೊದಲ ಎರಡು ವರ್ಷ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ದಿನಾ ಮುಕ್ಕಾಲು ಗಂಟೆ ನಡೆದೆ. ಮಳೆಯಲ್ಲೂ ತಪ್ಪಿಸಲಿಲ್ಲ. 2023ರ ಸ್ಕ್ಯಾನ್: ಬೆನ್ನು ಮೈನಸ್ 2.2, ಸೊಂಟ ಮೈನಸ್ 1.7. ಆ ದಿನ ತುಂಬಾ ಅತ್ತೆ. ಇನ್ನೂ ಜಾಸ್ತಿ ಇಳಿಯುವುದನ್ನು ನಡಿಗೆ ತಡೆದಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ನಡಿಗೆ ಒಳ್ಳೆಯದೇ. ಆದರೆ ಮೂಳೆ ದಿನಾ ಹೊರುವ ಭಾರಕ್ಕೆ ಒಗ್ಗಿಕೊಂಡುಬಿಡುತ್ತದೆ. ಅದು ಗಟ್ಟಿಯಾಗಬೇಕಾದರೆ ಒಗ್ಗದ ಭಾರ ಬೀಳಬೇಕು. ಈಜು ಇಷ್ಟ ಅನ್ನುವ ಗೆಳತಿಗೂ ಇದನ್ನೇ ಹೇಳಿದೆ, ನೀರು ಭಾರವನ್ನೇ ಎತ್ತಿಕೊಂಡುಬಿಡುತ್ತದೆ.

ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅನ್ನುವ ಪರೀಕ್ಷೆಯ ಬಗ್ಗೆ ಓದಿದ್ದು ಆಗ. ಮೂಳೆ ತೆಳುವಾದ, ಮುಟ್ಟು ನಿಂತ ಹೆಂಗಸರು ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಎಂಟು ತಿಂಗಳು ನಿಜವಾಗಿಯೂ ಭಾರ ಎತ್ತಿದರು. ಬೆನ್ನಿನ ಸಾಂದ್ರತೆ ಶೇ. 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಶೇ. 1.2 ಇಳಿಯಿತು. ನಾನು ಡಾಕ್ಟರನ್ನು ಕೇಳಿ, ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ ಶುರು ಮಾಡಿದೆ. ಮೊದಲ ತಿಂಗಳು ಭಾರವೇ ಇಲ್ಲ, ಬೆನ್ನಿಗೆ ಕೋಲು ಹಿಡಿದುಕೊಂಡು ಬೆನ್ನು ಬಾಗಿಸದೆ ಸೊಂಟದಿಂದ ಬಗ್ಗುವುದನ್ನು ಕಲಿತೆ. ಆಮೇಲೆ 4 ಕೆಜಿ, 8, 15. ಈಗ ನೆಲದಿಂದ 40 ಕೆಜಿ ಎತ್ತುತ್ತೇನೆ, ಐದೈದರಂತೆ ಐದು ಸಲ. ಜೊತೆಗೆ ಸ್ಕ್ವಾಟ್, ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಧಪ್ ಅಂತ ಊರುವುದು.

2025ರ ಸ್ಕ್ಯಾನ್, ಅದೇ ಮೆಷಿನ್: ಬೆನ್ನು ಮೈನಸ್ 1.9, ಸೊಂಟ ಮೈನಸ್ 1.6. ಮೆಷಿನ್ ಬದಲಾದರೆ ಹೋಲಿಸಲು ಆಗುವುದಿಲ್ಲ, ಗಮನವಿರಲಿ. ಸೊಂಟದ ಅಷ್ಟು ಚಿಕ್ಕ ಬದಲಾವಣೆ ಅಳತೆಯ ತಪ್ಪೂ ಇರಬಹುದು, ಬೆನ್ನಿನದ್ದು ಹಾಗಲ್ಲ ಅಂದರು ಡಾಕ್ಟರು. ಎರಡನೇ ಅವಧಿಯಲ್ಲಿ ಮಾತ್ರೆ ಅದೇ, ಡಿ ಅದೇ, ಊಟ ಅದೇ, ನಡಿಗೆಯೂ ಅದೇ. ಹೊಸದಾಗಿ ಸೇರಿದ್ದು ಭಾರ ಒಂದೇ.

ಯೋಗದಲ್ಲಿ ಪಶ್ಚಿಮೋತ್ತಾನಾಸನ ಬಿಟ್ಟಿದ್ದೇನೆ. ಮೂಳೆ ತೆಳುವಾದವರು ಬೆನ್ನು ಬಾಗಿಸಿ ಮುಂದಕ್ಕೆ ಒತ್ತಿದರೆ ಬೆನ್ನೆಲುಬು ಕುಸಿಯುವ ಅಪಾಯವಿದೆ. ವೃಕ್ಷಾಸನ ಉಳಿಸಿಕೊಂಡಿದ್ದೇನೆ, ಬೀಳದೆ ಇರುವುದಕ್ಕೆ. ಅಮ್ಮನಿಗೆ ಈಗ 82. ನಾನು ಭಾರ ಎತ್ತುವ ಎರಡು ದಿನವೂ ಅವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರೆ.