ಸನ್‌ರೂಫ್ ಆಮೇಲೆ, ಮೊದಲು ಬಾಗಿಲು ತೆಗೆದು ನೋಡಿ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಳ್ಳೋರು ದಯವಿಟ್ಟು ಇದನ್ನ ಓದಿ. ಬನ್ನೇರುಘಟ್ಟ ರಸ್ತೆಯ ಡೀಲರೊಬ್ಬರ ಹತ್ತಿರ ಏಳು ಸೀಟಿನ ಗಾಡಿ ತಗೊಂಡ್ವಿ. ಡೆಲಿವರಿ ಕೊಟ್ಟ ಹುಡುಗ ಆರು ಏರ್‌ಬ್ಯಾಗ್, ಸನ್‌ರೂಫ್, ದೊಡ್ಡ ಸ್ಕ್ರೀನ್ ಅಂತ ಬಾಯಿ ನೋಯುವಷ್ಟು ಹೊಗಳಿದ. ಬಾಗಿಲಿನ ಬಗ್ಗೆ ಒಂದಕ್ಷರ ಆಡಲಿಲ್ಲ.

ಹೋದ ತಿಂಗಳು ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಗಾಡಿ ನಿಲ್ಲಿಸಿ ಅಮ್ಮನ ಮಾತ್ರೆ ತರೋಕೆ ಇಳಿದೆ. ಅಮ್ಮ, ಮಗಳು ಹಿಂದಿನ ಸೀಟಿನಲ್ಲಿದ್ದರು. ಕೀ ಜೇಬಿನಲ್ಲಿಟ್ಟುಕೊಂಡು ದೂರ ಹೋದರೆ ಗಾಡಿ ತಾನಾಗೇ ಲಾಕ್ ಆಗುತ್ತಂತೆ, ಅದು ಗೊತ್ತಾಗಿದ್ದೇ ಅವತ್ತು. ವಾಪಸ್ ಬಂದು ಬಟನ್ ಒತ್ತಿದರೆ ಕೀಯ ಬ್ಯಾಟರಿ ಖಾಲಿ.

ಅಮ್ಮ ಒಳಗಿಂದ ಹ್ಯಾಂಡಲ್ ಎಳೆದರು, ಜಪ್ಪಯ್ಯ ಅಂದ್ರೂ ಬಾಗಿಲು ತೆಗೆಯಲಿಲ್ಲ. ಎರಡೂ ಕಡೆ ಚೈಲ್ಡ್ ಲಾಕ್ ಹಾಕಿಯೇ ಗಾಡಿ ಕೊಟ್ಟಿದ್ದರು. ಹಿಂಬಾಗಿಲು ತೆಗೆದಾಗ ಮಾತ್ರ ಅದರ ಅಂಚಿನಲ್ಲಿ ಕಾಣೋ ಸಣ್ಣ ಲಿವರ್ ಅದು. ಹಾಕಿದ್ದರೆ ಹೊರಗಿಂದಲೇ ತೆಗೀಬೇಕು. ಇಗ್ನಿಷನ್ ಆಫ್ ಆಗಿದ್ದರಿಂದ ಕಿಟಕಿಯೂ ಇಳಿಯಲಿಲ್ಲ. ಬಿಸಿಲು ಬೇರೆ.

ಇಂಥ ಹೊತ್ತಿಗೆಂದೇ ಸ್ಮಾರ್ಟ್ ಕೀ ಒಳಗೆ ಲೋಹದ ಕೀ ಒಂದಿರುತ್ತೆ. ಡ್ರೈವರ್ ಬಾಗಿಲಲ್ಲಿ ಅದಕ್ಕೆ ತೂತು ಇರುತ್ತೆ, ಕೆಲವು ಗಾಡಿಗಳಲ್ಲಿ ಮುಚ್ಚಳದಡಿ. ಬಿಚ್ಚಿ ನೋಡಿದರೆ ನಮ್ಮದರಲ್ಲಿ ಆ ಜಾಗ ಖಾಲಿ!

ಕೊನೆಗೆ ಗಾಜಿನಾಚೆಯಿಂದ ಸನ್ನೆ ಮಾಡಿ ಮಗಳನ್ನ ಮುಂದಿನ ಸೀಟಿಗೆ ದಾಟಿಸಿದೆ. ಅಲ್ಲಿ ಚೈಲ್ಡ್ ಲಾಕ್ ಇರೋಲ್ಲ. ಹ್ಯಾಂಡಲ್ ಮೊದಲು ಎಳೆದಾಗ ಲಾಕ್ ಬಿಡುತ್ತೆ, ಮತ್ತೆ ಎಳೆದರೆ ಬಾಗಿಲು ತೆಗೆಯುತ್ತೆ. ಅಲಾರಂ ಇಡೀ ಬೀದಿಗೆ ಕೇಳುವಂತೆ ಕಿರುಚಿತು, ಜನ ಸೇರಿದರು, ಇರಲಿ. ಕರೆಂಟ್ ಕೈಕೊಟ್ಟರೂ ಸೆಂಟ್ರಲ್ ಲಾಕನ್ನ ಕೈಯಿಂದ ಬಿಡಿಸೋ ವ್ಯವಸ್ಥೆ ಹೊಸ ಕಾರುಗಳಿಗೆ 2019ರ ಜುಲೈ 1ರಿಂದ ಕಡ್ಡಾಯ. ಆದರೆ ಮಂಡಿ ನೋವಿನ ಅಮ್ಮ ಒಬ್ಬರೇ ಇದ್ದಿದ್ದರೆ ಮುಂದಕ್ಕೆ ದಾಟೋದು ಹೇಗೆ?

ಡೀಲರ್‌ಗೆ ಫೋನ್ ಮಾಡಿದರೆ, "ಹಳೇ ಓನರ್ ಕೊಟ್ಟಿಲ್ಲ ಸಾರ್, ನಾವೇನ್ ಮಾಡೋಕಾಗುತ್ತೆ" ಅಂದರು. ಹೊಸ ಕೀ ಖರ್ಚು ನಮ್ಮ ತಲೆಗೇ ಬಂತು.

ಮಳೆ ಊರು ನಮ್ಮದು. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರ ಜೀವ ಹೋಯಿತು. ನೀರು ಹೊರಗಿಂದ ಒತ್ತುವಾಗ ಬಾಗಿಲು ತೆಗೆಯೋದೇ ಕಷ್ಟ, ಅದರ ಮೇಲೆ ಚೈಲ್ಡ್ ಲಾಕೂ ಇದ್ದರೆ ಹಿಂದೆ ಕೂತವರ ಗತಿ ಯೋಚಿಸಿ. ದೊಡ್ಡವರಷ್ಟೇ ಹಿಂದೆ ಕೂರೋದಾದರೆ ಅದನ್ನ ತೆಗೆದಿಡಿ.

ಡೆಲಿವರಿ ದಿನ ನೀವೇ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಸಿ, ಹೊರಗೆ ಬರೋಕಾಗುತ್ತಾ ನೋಡಿ. ಎರಡೂ ಕೀ ಬಿಚ್ಚಿಸಿ, ಒಳಗಿನ ಲೋಹದ ಕೀಯಿಂದ ಬಾಗಿಲು ತೆಗೆಸಿ. ಅಲ್ಲೀವರೆಗೆ ಬಾಕಿ ದುಡ್ಡು ಕೊಡಬೇಡಿ.