ಆಳದ ಗೀರಿಗೆ ಬಾಟಲಿ ಬಣ್ಣವೋ, ಸ್ಪ್ರೇ ಡಬ್ಬಿಯೋ, ಗ್ಯಾರೇಜೋ?

ಹೊಲದ ದಾರಿಯಲ್ಲಿ ಜಾಲಿ ಮುಳ್ಳು ಎಳೆದ ಒಂದು ಗೀರಿಗೆ ಕಾರಿನ ಇಡೀ ಬಾಗಿಲು ಪೇಂಟ್ ಮಾಡಿಸುವುದು ದಂಡದ ಖರ್ಚು. ಗೀರು ಎರಡು ಮಿಲಿಮೀಟರಿಗಿಂತ ಸಣ್ಣದಿದ್ದು ತಗಡು ತಗ್ಗಾಗಿಲ್ಲ ಅಂದರೆ, ಮುಚ್ಚಳದಲ್ಲೇ ಬ್ರಷ್ ಇರುವ ಟಚ್‌ಅಪ್ ಬಾಟಲಿ ಸಾಕು. ಸ್ಪ್ರೇ ಡಬ್ಬಿ ಎರಡನೆಯ ಆಯ್ಕೆಯಲ್ಲ, ಮೂರನೆಯದು. ಅದಕ್ಕಿಂತ ಗ್ಯಾರೇಜೇ ವಾಸಿ.

ಮೊದಲು ಗೀರಿನ ಮೇಲೆ ನೀರು ಹಚ್ಚಿ. ಮಾಯವಾದರೆ ಅದು ಬಣ್ಣದ ಮೇಲಿನ ಪಾರದರ್ಶಕ (ಕ್ಲಿಯರ್) ಪದರದ್ದು, ರಬ್ಬಿಂಗ್ ಕಾಂಪೌಂಡಿಗೆ (ತಿಕ್ಕಿ ಹೊಳಪು ತರುವ ಪೇಸ್ಟ್) ಹೋಗುತ್ತದೆ. ಒದ್ದೆಯಾದಾಗಲೂ ಕಾಣುತ್ತಿದ್ದರೆ, ಉಗುರು ಅಡ್ಡ ಎಳೆದಾಗ ಟಕ್ ಅಂತ ಸಿಕ್ಕಿಕೊಂಡರೆ, ಕಾಂಪೌಂಡ್ ಎಷ್ಟು ತಿಕ್ಕಿದರೂ ಸುತ್ತಲಿನ ಒಳ್ಳೆ ಬಣ್ಣ ಸವೆಯುತ್ತದೆಯೇ ಹೊರತು ಗೀರು ಹೋಗುವುದಿಲ್ಲ. ಬಣ್ಣ ಕೊಳ್ಳುವಾಗ 'ಬಿಳಿ' ಅಂತ ಕೇಳಬೇಡಿ, ಕೋಡ್ ಹೇಳಿ. ಮಾರುತಿಯ ಸುಪೀರಿಯರ್ ವೈಟ್ (26ಯು) ಬೇರೆ, ಪರ್ಲ್ ಆರ್ಕ್ಟಿಕ್ ವೈಟ್ ಬೇರೆ. ಬಿಸಿಲಲ್ಲಿ ಪಕ್ಕಪಕ್ಕ ಇಟ್ಟರೆ ಕುರುಡನಿಗೂ ಗೊತ್ತಾಗುತ್ತದೆ. ಕೋಡಿನ ಪಟ್ಟಿ ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ, ಕೆಲವಕ್ಕೆ ಬಾಗಿಲ ಕಂಬದ ಮೇಲೆ ಇರುತ್ತದೆ.

ಗ್ಯಾರೇಜಿನ ಮಾತು ಚಿಕ್ಕದು. ಒಂದು ಬಾಗಿಲಿಗೆ ಸುಮಾರು ಮೂರು ಸಾವಿರದಿಂದ ಶುರು. ಕೇಳಬೇಕಾದ ಪ್ರಶ್ನೆ ಒಂದೇ: ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಯುತ್ತೀರೋ, ಎನ್‌ಸಿಯೋ (ನೈಟ್ರೋಸೆಲ್ಯುಲೋಸ್ ಬಣ್ಣ)? ಎನ್‌ಸಿ ಬಣ್ಣ ಅಗ್ಗ, ಬೇಗ ಒಣಗುತ್ತದೆ, ಆದರೆ ನಮ್ಮ ಬಿಸಿಲಿಗೆ ಬೇಗ ಮಂಕಾಗುತ್ತದೆ. ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಹೇಗೆ ಅನ್ನುವವರಿಗೆ: 1500 ಸಿಸಿವರೆಗಿನ ಕಾರಿಗೆ ಮೊದಲ ಸಾವಿರ ರೂಪಾಯಿ ನಿಮ್ಮದೇ ಕಿಸೆಯಿಂದ, ಮೇಲೆ ನೋ ಕ್ಲೇಮ್ ಬೋನಸ್ಸೂ ಹೋಯಿತು. ಗೀರಿಗಾಗಿ ಅದನ್ನು ಕಳಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ.

ಸ್ಪ್ರೇ ಡಬ್ಬಿಯ ತಕರಾರು ಅದರ ಅಗಲದ್ದು. ಗೀರು ಒಂದು ಮಿಲಿಮೀಟರ್, ಡಬ್ಬಿ ಹಾರಿಸುವುದು ಅಂಗೈ ಅಗಲ. ಹಾಗಾಗಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಪದರ), ಬಣ್ಣ, ಕ್ಲಿಯರ್ ಅಂತ ಮೂರು ಡಬ್ಬಿ ಬೇಕು, ಸುತ್ತಲಿನ ಒಳ್ಳೆ ಬಣ್ಣವನ್ನೂ ಉಜ್ಜಬೇಕು, ಕೊನೆಗೆ ಹೊಸ ಕ್ಲಿಯರ್ ಹಳೆಯದಕ್ಕೆ ಸೇರುವ ಕಡೆ ಒಂದು ಅಂಚು ಉಳಿದೇ ಉಳಿಯುತ್ತದೆ. ಹಾರ್ಡನರ್ (ಗಟ್ಟಿ ಮಾಡಲು ಬೆರೆಸುವ ದ್ರವ) ಇಲ್ಲದ ಮಾಮೂಲಿ ಕ್ಲಿಯರ್ ಪೆಟ್ರೋಲ್ ಬಿದ್ದರೆ ಕರಗುತ್ತದೆ, ಟ್ಯಾಂಕ್ ಮುಚ್ಚಳದ ಹತ್ತಿರ ಹೊಡೆಯಲೇಬೇಡಿ. ಡಬ್ಬಿಯ ಮೇಲೆ 50 ಡಿಗ್ರಿ ದಾಟಿಸಬೇಡಿ ಅಂತ ಬರೆದಿರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ ಅದು ಮಧ್ಯಾಹ್ನದೊಳಗೇ ದಾಟುತ್ತದೆ. ಡಿಕ್ಕಿಯಲ್ಲಿ ಇಟ್ಟು ಮರೆಯುವ ವಸ್ತು ಅಲ್ಲ ಅದು.

ಇನ್ನು ಬಾಟಲಿ. ಮುನ್ನೂರರಿಂದ ಐನೂರರೊಳಗೆ ಮುಗಿಯುವ ಕೆಲಸ. ಆದರೆ ಜನ ಇದನ್ನು ಬೈಯುವುದಕ್ಕೂ ಒಂದು ಕಾರಣ ಇದೆ: ಬಣ್ಣ ಕುಗ್ಗುತ್ತದೆ.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆರಿಹೋಗುವ ಥಿನ್ನರ್. ಗೀರು ತುಂಬಿತು ಅಂತ ಕೈಬಿಟ್ಟರೆ ಬೆಳಿಗ್ಗೆ ಮತ್ತೆ ತಗ್ಗು. ಸಿಟ್ಟಿಗೆ ದಪ್ಪ ಸುರಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ಥಿನ್ನರ್ ಹೊರಬರಲಾಗದೆ ಗುಳ್ಳೆ ಏಳುತ್ತದೆ, ಒಂದು ವಾರ ಬಿಟ್ಟು ಮುಟ್ಟಿದರೂ ಮೆತ್ತಗೇ ಇರುತ್ತದೆ. ಅದನ್ನು ಉಜ್ಜಲು ಹೋದರೆ ಬಣ್ಣ ಪೇಪರಿಗೆ ಅಂಟಿಕೊಂಡು ಕಿತ್ತು ಬರುತ್ತದೆ.

ಅದಕ್ಕೆ ತೆಳ್ಳಗೆ, ಐದಾರು ಸಲ. ಗೀರಿನ ಒಳಗೆ ತುಕ್ಕು ಇದ್ದರೆ 400 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಮಡಚಿ, ಮಡಿಕೆಯ ಅಂಚಿನಿಂದಲೇ ಕೆರೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಪೆಟ್ರೋಲ್ ಬೇಡ, ಜಿಡ್ಡು ಬಿಡುತ್ತದೆ. ತಗಡು ಮಿಂಚುತ್ತಿದ್ದರೆ ಟೂತ್‌ಪಿಕ್ ತುದಿಯಲ್ಲಿ ಪ್ರೈಮರ್ ಎಳೆಯಿರಿ. ಬಾಟಲಿಯನ್ನು ಎರಡು ನಿಮಿಷ ಅಲುಗಿಸಿ, ಬಣ್ಣವನ್ನೂ ಟೂತ್‌ಪಿಕ್‌ನಿಂದಲೇ ಇಡಿ. ಮುಚ್ಚಳದ ಬ್ರಷ್ ಗೀರಿಗಿಂತ ಅಗಲ. ಪ್ರತಿ ಪದರಕ್ಕೂ ಅರ್ಧ ಗಂಟೆ, ಕೊನೆಯದು ರಾತ್ರಿಯಿಡೀ ಆರಲಿ. ಆಮೇಲೆ ಎರಡು ಪದರ ಕ್ಲಿಯರ್, ಸುತ್ತಲಿನ ಮಟ್ಟಕ್ಕಿಂತ ಕೂದಲಷ್ಟು ಉಬ್ಬಿ ನಿಲ್ಲುವ ಹಾಗೆ. ಒಂದು ವಾರ ಕೈ ಹಚ್ಚಬೇಡಿ.

ಉಬ್ಬನ್ನು ಇಳಿಸುವುದೇ ನಾಜೂಕಿನ ಕೆಲಸ. ಕಂಪನಿಯ ಕ್ಲಿಯರ್ ಪದರ ಬರೀ 40-50 ಮೈಕ್ರಾನ್ (ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್), ಬೆರಳಿನಿಂದ ಪೇಪರ್ ಒತ್ತಿ ಉಜ್ಜಿದರೆ ಎರಡೂ ಬದಿ ಅದು ಸವೆದು ಹೋಗುತ್ತದೆ. ಗೀರಿನ ಎರಡು ಕಡೆ ಸೆಲ್ಲೋಟೇಪ್ ಅಂಟಿಸಿ. ಮಕ್ಕಳ ರಬ್ಬರಿನ ಒಂದು ತುಂಡಿಗೆ 2000ದ ವಾಟರ್ ಪೇಪರ್ ಸುತ್ತಿ, ಸೋಪಿನ ನೀರು ಹಾಕುತ್ತಾ ಉದ್ದಕ್ಕೆ ಮಾತ್ರ ಉಜ್ಜಿ. ಟೇಪಿಗೆ ಗೀಚು ಬೀಳಲು ಶುರುವಾದ ಕೂಡಲೇ ನಿಲ್ಲಿಸಿ, ಟೇಪ್ ಕಿತ್ತು, ಉಳಿದದ್ದನ್ನು 3000ದಿಂದ. ಒರೆಸಿ ನೋಡಿದಾಗ ಮಂಕಾದ ಜಾಗದ ನಡುವೆ ಹೊಳೆಯುವ ಗೆರೆ ಉಳಿದಿದ್ದರೆ ಅದು ಇನ್ನೂ ತಗ್ಗು: ಮತ್ತೊಂದು ಪದರ, ಮತ್ತೊಂದು ವಾರ. ಎಲ್ಲ ಸಮನಾಗಿ ಮಂಕಾದರೆ ಕಾಂಪೌಂಡ್ ಹಚ್ಚಿ ಹೊಳಪು ತನ್ನಿ.

ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರೊಳಗೆ, ನೆರಳಲ್ಲಿ, ತಗಡು ಕೈಗೆ ತಣ್ಣಗಿರುವಾಗ. ಹತ್ತು ಗಂಟೆಯ ಬಾನೆಟ್ ಮೇಲೆ ಬಣ್ಣ ಇಟ್ಟರೆ ಟೂತ್‌ಪಿಕ್ ಎತ್ತುವಷ್ಟರಲ್ಲಿ ಕೆನೆ. ಶಹಾಬಾದ್ ಕಲ್ಲು ಕೊಯ್ಯುವ ಕಡೆ, ವಾಡಿ, ಸೇಡಂ ಸಿಮೆಂಟ್ ದಾರಿಗಳಲ್ಲಿ ಓಡುವ ಗಾಡಿಯಾದರೆ ಎರಡು ಸಲ ತೊಳೆದೇ ಬಟ್ಟೆ ಹಚ್ಚಿ, ಆ ಪುಡಿಯೇ ಹೊಸ ಗೀರು ಎಳೆಯುತ್ತದೆ. ಬೋರ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಕೊನೆಯ ಒಂದು ಚಂಬು ಆರ್‌ಒ ಫಿಲ್ಟರ್ ನೀರು ಇರಲಿ.

ಟಚ್‌ಅಪ್ ಬಣ್ಣದಲ್ಲಿ ಪೆನ್ನಿನ ಮಾದರಿ ಬೇಡ. ಅದರ ಮೊನೆ ಗೀರಿನ ಹೊರಗೇ ಹೆಚ್ಚು ಬರೆಯುತ್ತದೆ.

ಬೆಳ್ಳಿ ಬಣ್ಣದ ಗಾಡಿಯವರು ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಿ. ಕಂಪನಿಯ ಸ್ಪ್ರೇಯಲ್ಲಿ ಮಿಂಚಿನ ಹರಳು ಚಪ್ಪಟೆಯಾಗಿ ಮಲಗಿರುತ್ತವೆ, ಕೈಯಿಂದ ಇಟ್ಟಾಗ ಅಡ್ಡಾದಿಡ್ಡಿ ನಿಲ್ಲುತ್ತವೆ, ಗೆರೆ ಸ್ವಲ್ಪ ಕಪ್ಪಾಗಿಯೇ ಕಾಣುತ್ತದೆ. ಆರಡಿ ದೂರಕ್ಕೆ ಕಾಣದು, ಹತ್ತಿರ ಬಗ್ಗಿ ನೋಡಿದರೆ ಕಂಡೀತು. ಅದು ಸಹಿಸಲಾಗದವರಿಗೆ ಗ್ಯಾರೇಜೇ ದಾರಿ. ಪ್ಲಾಸ್ಟಿಕ್ ಬಂಪರಿನ ಗೀರು ತುಕ್ಕು ಹಿಡಿಯುವುದಿಲ್ಲ, ಅದಕ್ಕೆ ಅವಸರವೇನೂ ಇಲ್ಲ. ತಗಡಿನದಾದರೆ ಮೃಗಶಿರಾ ಮಳೆಗೆ ಮೊದಲೇ ಮುಚ್ಚಿಬಿಡಿ. ಮೇಲೆ ವ್ಯಾಕ್ಸ್ ಒಂದು ತಿಂಗಳ ನಂತರ. ಉಳಿದ ಬಣ್ಣದ ಬಾಟಲಿಯ ಬಾಯಿ ಥಿನ್ನರಿನಿಂದ ಒರೆಸಿ ಬಿಗಿಯಾಗಿ ಮುಚ್ಚಿ ತಂಪಲ್ಲಿ ಇಡಿ. ಇಲ್ಲವಾದರೆ ಮುಂದಿನ ಗೀರಿಗೆ ಮುಚ್ಚಳ ತೆಗೆಯಲು ಪಕ್ಕಡ್ ಬೇಕಾಗುತ್ತದೆ.